ಸ್ಲ್ಯಾಬು, ಸುಣ್ಣ, ಎಸಿ: ಕಲಬುರಗಿಯ ಒಂದು ಬೇಸಿಗೆ

2 ಏಪ್ರಿಲ್ 2025, ಬುಧವಾರ

ಇವತ್ತಿನಿಂದ ಕಚೇರಿ ಬೆಳಿಗ್ಗೆ 8ಕ್ಕೆ ಶುರು, ಮಧ್ಯಾಹ್ನ 1.30ಕ್ಕೆ ಬಿಡುಗಡೆ. ಏಪ್ರಿಲ್–ಮೇ ತಿಂಗಳ ಈ ವೇಳೆ ನಮ್ಮ ಭಾಗದವರಿಗೆ ದೊಡ್ಡ ಉಪಕಾರ. ಆದರೆ ಬೇಗ ಮನೆಗೆ ಬಂದರೂ ತಲೆಯ ಮೇಲೆ ಅದೇ ಸ್ಲ್ಯಾಬು. ಅತ್ತೆಯ ಕೋಣೆಯ ಒಂದೂವರೆ ಟನ್ನಿನ ಹಳೆಯ ಎಸಿ ಸಂಜೆಯಿಂದ ಗುಡುಗುತ್ತಲೇ ಇರುತ್ತದೆ. ಕೋಣೆ ತಣಿಯುವಾಗ ರಾತ್ರಿ ಹನ್ನೊಂದು. ಮಾರ್ಚ್ ತಿಂಗಳ ಬಳಕೆ 200 ಯೂನಿಟ್ ದಾಟಿತು. ದಾಟಿದರೆ ಗೃಹಜ್ಯೋತಿಯ ಉಚಿತ ಕರೆಂಟು ಇಲ್ಲ, ಪೂರ್ತಿ ಬಿಲ್ಲು ನಮ್ಮದೇ. ಹೊಸ ಎಸಿ ತಂದುಬಿಡೋಣ ಎಂದು ಇವರು ಹೇಳಿದರು. ಅತ್ತೆ ಒಪ್ಪಲಿಲ್ಲ. “ಮ್ಯಾಲಿನ ಮಾಳಗಿ ಕಾಯಕತ್ಯದ, ಕೆಳಗ ಮಷೀನ್ ಏನ್ ಮಾಡ್ತದ? ಮೊದ್ಲ ಅದನ್ನ ನೋಡ್ರಿ.”

6 ಏಪ್ರಿಲ್, ಭಾನುವಾರ, ರಾಮನವಮಿ

ಪಾನಕ, ಕೋಸಂಬರಿ ಮುಗಿಸಿ ಮಧ್ಯಾಹ್ನ ಮೂರಕ್ಕೆ ಮಾಳಿಗೆ ಹತ್ತಿದೆವು. ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಕೊಟ್ಟ ಟೆಂಪರೇಚರ್ ಗನ್ ಹಿಡಿದರೆ ಸ್ಲ್ಯಾಬಿನ ಮೈ 61 ಡಿಗ್ರಿ. ರಾತ್ರಿ ಒಂಬತ್ತಕ್ಕೆ ಅತ್ತೆಯ ಕೋಣೆಯಲ್ಲಿ ಸೂರಿನತ್ತ ಗುರಿ ಇಟ್ಟೆ: 42. ಆ ಹೊತ್ತಿಗೆ ಹೊರಗಿನ ಗಾಳಿ ಅದಕ್ಕಿಂತ ಎಷ್ಟೋ ತಂಪಾಗಿತ್ತು.

ಒಲೆ ಆರಿದ ಮೇಲೂ ರೊಟ್ಟಿಯ ಹಂಚು ಕಾವು ಬಿಡುವ ಹಾಗೆ ಕಾಂಕ್ರೀಟು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ನಮ್ಮ ಮೇಲೆ ಇಳಿಸುತ್ತದೆ. ಕೋಣೆಯ ಗಾಳಿಯನ್ನು ಎಸಿ ತಣಿಸುತ್ತಿದ್ದಂತೆ ಸೂರು ಮತ್ತೆ ಕಾಯಿಸುತ್ತದೆ. ಅವೆರಡರ ಜಗಳದ ಖರ್ಚು ಮೀಟರಿಗೆ. ಚಿತ್ತಾಪುರದ ಕಡೆ ಅಜ್ಜನ ಮನೆಯ ಕಲ್ಲುಗೋಡೆ, ಮೇಲೆ ದಪ್ಪ ಮಣ್ಣಿನ ಮಾಳಿಗೆ. ಅಲ್ಲಿ ಮೇ ತಿಂಗಳಲ್ಲೂ ಮಧ್ಯಾಹ್ನ ನಿದ್ದೆ ಬರುತ್ತಿತ್ತು.

13 ಏಪ್ರಿಲ್, ಭಾನುವಾರ

ಬಿಸಿಲು ಮೇಲಿನಿಂದಲೇ ವಾಪಸಾಗಲೆಂದು ಮಾಳಿಗೆಗೆ ಸುಣ್ಣ ಬಳಿದಾಯಿತು. ರಾತ್ರಿಯೇ ನೆನೆಹಾಕಿ ಸೋಸಿದ ಸುಣ್ಣಕ್ಕೆ ಅಂಟು ಬೆರೆಸಿ, ನಸುಕಿನಲ್ಲಿ ಒಂದು ಕೈ, ಬಿಸಿಲಿಳಿದ ಮೇಲೆ ಇನ್ನೊಂದು ಕೈ. ಅಂಟು ಇಲ್ಲದಿದ್ದರೆ ಮೊದಲ ಮಳೆಗೇ ತೊಳೆದುಹೋಗುತ್ತದೆ. ಅದಕ್ಕೂ ಮೊದಲು ಮಾಳಿಗೆಯ ಧೂಳನ್ನು ತಿಕ್ಕಿ ತೊಳೆಯುವುದೇ ದೊಡ್ಡ ಕೆಲಸ. ನಮ್ಮ ಊರಿನ ಧೂಳಿಗೆ ಈ ಬಿಳಿ ಹೆಚ್ಚು ದಿನ ಬಿಳಿಯಾಗಿ ಉಳಿಯದು. ಪ್ರತಿ ವರ್ಷ ಶಿವರಾತ್ರಿ ಕಳೆಯುತ್ತಲೇ ಬಳಿಯಬೇಕು. ಗಡಿಯಾಚೆಯ ತೆಲಂಗಾಣ 2023ರಲ್ಲೇ ತಂಪು ಛಾವಣಿಗೆಂದು ಒಂದು ನೀತಿ ಮಾಡಿಕೊಂಡಿತು. ನಮ್ಮ ಬಿಸಿಲೇನೂ ಅವರದ್ದಕ್ಕಿಂತ ಕಡಿಮೆಯಲ್ಲ.

14 ಏಪ್ರಿಲ್, ಸೋಮವಾರ

ಅಂಬೇಡ್ಕರ್ ಜಯಂತಿಯ ರಜೆ. ಅದೇ ಮೂರು ಗಂಟೆಗೆ ಮಾಳಿಗೆಯ ಮೈ 44 ಡಿಗ್ರಿ, ರಾತ್ರಿ ಒಂಬತ್ತಕ್ಕೆ ಒಳಗಿನ ಸೂರು 37. ಅತ್ತೆಗೆ ಅಂಕಿ ಹೇಳುವ ಅಗತ್ಯವೇ ಬೀಳಲಿಲ್ಲ, ಹತ್ತಕ್ಕೆಲ್ಲ ಮಲಗಿದ್ದರು. ಸಂಡಿಗೆ ಒಣಹಾಕಲು ಹೋದಾಗ ಬಿಳಿ ಕಣ್ಣಿಗೆ ಚುಚ್ಚುತ್ತದೆ, ಅಷ್ಟೇ ತೊಂದರೆ.

27 ಏಪ್ರಿಲ್, ಭಾನುವಾರ

ನಾಲ್ಕೂ ಫ್ಯಾನು ಬದಲಾದವು. ಹಳೆಯವು 75 ವ್ಯಾಟಿನವು, ಹೊಸ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟು ಸಾಕು, ಗಾಳಿ ಅಷ್ಟೇ. ಬೇಸಿಗೆಯಲ್ಲಿ ದಿನಕ್ಕೆ 15 ತಾಸು ತಿರುಗುತ್ತವೆ ಎಂದರೆ ತಿಂಗಳಿಗೆ ಸುಮಾರು 80 ಯೂನಿಟ್ ಉಳಿತಾಯ. ಇಡೀ ಮನೆಯ ರಿಪೇರಿಯಲ್ಲಿ ಇಷ್ಟು ಸುಲಭದ ಲಾಭ ಬೇರೆ ಇಲ್ಲ.

ಹಗಲಿಗೆ ಕೂಲರೇ ಸಾಕು. ಗಾಳಿ ಒಣಗಿರುವಾಗ ನೀರು ಆವಿಯಾಗುತ್ತ ಶಾಖ ಹೀರಿಕೊಳ್ಳುತ್ತದೆ. ಅದಕ್ಕೇ ಮಂಗಳೂರಿನಲ್ಲಿ ಸೋಲುವ ಕೂಲರು ಕಲಬುರಗಿಯಲ್ಲಿ ಗೆಲ್ಲುತ್ತದೆ. ಎದುರಿನ ಕಿಟಕಿ ತೆರೆದಿರಬೇಕು, ಹುಲ್ಲಿನ ಪ್ಯಾಡು ವರ್ಷಕ್ಕೊಮ್ಮೆ ಬದಲಾಗಬೇಕು. ನನ್ನನ್ನು ಕಾಡುವುದು ನೀರು. ದಿನಕ್ಕೆ ನಾಲ್ಕೈದು ಕೊಡ ಕುಡಿಯುತ್ತದೆ, ನಲ್ಲಿ ಬಾರದ ದಿನ ಅಷ್ಟು ನೀರು ಸುರಿಯಲು ಮನಸ್ಸಾಗುವುದಿಲ್ಲ.

4 ಮೇ, ಭಾನುವಾರ

ಈಗ ಎಸಿ ಅಂಗಡಿ. ಇನ್ನೂ ದೊಡ್ಡದು ಕೊಳ್ಳಿ, ಎರಡು ಟನ್ನಿನದು ಎಂದು ಅಂಗಡಿಯವರ ಒತ್ತಾಯ. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆ, ಈಗ ಸೂರೂ ತಣಿದಿದೆ. ಒಂದು ಟನ್ನಿನ 5 ಸ್ಟಾರ್ ಇನ್ವರ್ಟರ್ ಸಾಕೆಂದು ಗಟ್ಟಿಯಾಗಿ ನಿಂತೆ. ಹಳೆಯ ಕಂಪ್ರೆಸರ್ ಓಡಿದರೆ ಪೂರ್ತಿ ಓಡುತ್ತಿತ್ತು, ಇಲ್ಲವೇ ನಿಲ್ಲುತ್ತಿತ್ತು. ಇನ್ವರ್ಟರಿನದು ಬೇಕಾದಷ್ಟೇ ವೇಗ.

ಸ್ಟಾರ್ ಚೀಟಿಯಲ್ಲಿ ಬರೆದ ಯೂನಿಟ್ಟು ವರ್ಷಕ್ಕೆ 1600 ತಾಸು ಓಡಿಸಿದರೆ ಆಗುವ ಖರ್ಚು. ಅದನ್ನೇ ತಮ್ಮ ಬಿಲ್ಲೆಂದು ಯಾರೂ ತಿಳಿಯಬಾರದು. ಇನ್ನೊಂದು ಮಾತು: ಯಂತ್ರದ ತಾಕತ್ತನ್ನು ಅಳೆಯುವುದು ಹೊರಗೆ 35 ಡಿಗ್ರಿ ಇರುವಾಗ. ನಮ್ಮ ಮೇ ತಿಂಗಳ 42ರಲ್ಲಿ ಅದರ ಕಸುವು ಕುಗ್ಗುತ್ತದೆ, ಕರೆಂಟು ಹೆಚ್ಚುತ್ತದೆ. ಹಾಗಾಗಿ ಔಟ್‌ಡೋರ್ ಯೂನಿಟ್ಟನ್ನು ಪಶ್ಚಿಮದ ಗೋಡೆಯಿಂದ ತೆಗೆದು ಉತ್ತರಕ್ಕೆ ಹಾಕಿಸುವುದು.

11 ಮೇ, ಭಾನುವಾರ

ಕೂಡಿಸಲು ಬಂದ ಹುಡುಗ ವ್ಯಾಕ್ಯೂಮ್ ಪಂಪು ತಂದಿರಲಿಲ್ಲ. ಸ್ವಲ್ಪ ಗ್ಯಾಸು ಬಿಟ್ಟು ಪೈಪಿನ ಗಾಳಿ ಹೊರಗೆ ತಳ್ಳುತ್ತೇನೆ, ಎಲ್ಲರೂ ಹಾಗೇ ಮಾಡುವುದು ಅಂದ. ಒಳಗೆ ತೇವ ಉಳಿದರೆ ಕಂಪ್ರೆಸರಿನ ಎಣ್ಣೆ ಕೆಡುತ್ತದೆ, ಆಯುಷ್ಯ ಕುಗ್ಗುತ್ತದೆ. ಪಂಪು ತರುವ ತನಕ ಕಾಯುತ್ತೇನೆಂದೆ. ತಂದ, ಚಹಾ ಕುಡಿದ, ಅಚ್ಚುಕಟ್ಟಾಗಿ ಮುಗಿಸಿದ. ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೆ ಇಷ್ಟು ಮನೆ ಎಂದು ಓಡಿಸುವವರು ಬೇರೆ ಇದ್ದಾರೆ.

ಎಸಿ 26ಕ್ಕೆ, ಮೇಲೆ ಫ್ಯಾನು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ಕರೆಂಟು ಉಳಿಯುತ್ತದೆ ಎನ್ನುತ್ತದೆ ಇಂಧನ ದಕ್ಷತಾ ಬ್ಯೂರೋ. ಅತ್ತೆಗಂತೂ 24ಕ್ಕೇ ಚಳಿ.

29 ಮೇ, ಗುರುವಾರ

ಈ ಸಲ ಮಳೆಗಾಲ ಬೇಗ ಬಂತು. ಕೂಲರು ಹಾಕಿದರೆ ಮೈ ಅಂಟು. ಒಳಗಿಟ್ಟೆವು.

15 ಜೂನ್, ಭಾನುವಾರ

ಮೇ ತಿಂಗಳ ಬಳಕೆ 200ರೊಳಗೆ ನಿಂತಿದೆ.

ಹೊಸ ಎಸಿಗಳ ಉಷ್ಣತೆ 20ರಿಂದ 28ರ ನಡುವೆಯೇ ಇರುವಂತೆ ನಿಯಮ ತರುತ್ತೇವೆಂದು ಕೇಂದ್ರ ಇಂಧನ ಸಚಿವ ಮನೋಹರ್ ಲಾಲ್ ಈ ವಾರ ಹೇಳಿದ್ದಾರೆ. ಬರಲಿ, ಒಳ್ಳೆಯದೇ. ಆದರೆ ಸ್ಲ್ಯಾಬಿಗೂ ಒಂದು ಮಿತಿ ಇದೆಯೆಂದು ಎಷ್ಟು ಜನಕ್ಕೆ ಗೊತ್ತು? 2018ರ ಇಕೋ ನಿವಾಸ್ ಸಂಹಿತೆಯ ಪ್ರಕಾರ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಚದರ ಮೀಟರ್ ಛಾವಣಿಯಿಂದ 1.2 ವ್ಯಾಟಿಗಿಂತ ಹೆಚ್ಚು ಶಾಖ ದಾಟಬಾರದು. ಬರೀ ಕಾಂಕ್ರೀಟು ಅದರ ಎರಡು ಪಟ್ಟಿಗೂ ಮೀರಿ ದಾಟಿಸುತ್ತದೆ. ಸೇಡಂ ರಸ್ತೆಯಲ್ಲಿ ಏಳುತ್ತಿರುವ ಮನೆಗಳ ಮೇಲೆ ಬರೀ ಕಾಂಕ್ರೀಟೇ ಕಾಣುತ್ತದೆ. ಕೊಂಡವರು ಮೂವತ್ತು ವರ್ಷ ಅದಕ್ಕೆ ಬಿಲ್ಲು ಕಟ್ಟುತ್ತಾರೆ. ಇದು ನನಗೆ ಅನ್ಯಾಯವೆನ್ನಿಸುತ್ತದೆ.

ರಾಯಚೂರಿನಲ್ಲಿ ನನ್ನ ತಮ್ಮ ಮನೆ ಕಟ್ಟಿಸುತ್ತಿದ್ದಾನೆ. ಸ್ಲ್ಯಾಬಿನ ಮೇಲೆ ಎರಡಿಂಚು ಫೋಮ್ ಹಲಗೆ, ಅದರ ಮೇಲೆ ಬಿಳಿ ಟೈಲ್ಸು ಹಾಕಿಸು. ಪಶ್ಚಿಮದ ಕಿಟಕಿಗೆ ಅಗಲ ಸಜ್ಜ ಬಿಡಿಸು. ಗೀಸರ್ ಬದಲು ಸೋಲಾರಿಗೆ ಈಗಲೇ ಪೈಪು ಎಳೆಸು ಎಂದು ಫೋನಿನಲ್ಲಿ ಹೇಳಿದೆ. ನೂರು ಲೀಟರ್ ನೀರನ್ನು 20 ಡಿಗ್ರಿ ಏರಿಸಲು 2.3 ಯೂನಿಟ್ ಬೇಕು. ರಾಯಚೂರಿನಲ್ಲಿ ಆ ಕೆಲಸವನ್ನು ಸೂರ್ಯ ಪುಕ್ಕಟೆ ಮಾಡಿಕೊಡುತ್ತಾನೆ.

“ಅಕ್ಕಾ, ಫೋಮು ಹಾಕಿದ್ರ ಮಾಳಗಿ ಸೋರ್ತದ ಅಂತಾನ ಮೇಸ್ತ್ರಿ. ನೀನ ಬಂದು ಹೇಳು.” ಫೋಮಿನ ಕೆಳಗೆ ವಾಟರ್‌ಪ್ರೂಫಿಂಗ್ ಸರಿಯಾಗಿದ್ದರೆ ಸೋರುವುದಿಲ್ಲ. ಅದನ್ನು ಕಾಗದದ ಮೇಲೆ ಬರೆದು ತೋರಿಸಬೇಕು. ಮುಂದಿನ ಭಾನುವಾರ ಹೊರಡುತ್ತೇನೆ. ಟೆಂಪರೇಚರ್ ಗನ್ ಕೇಳಿಟ್ಟಿದ್ದೇನೆ.