ಪದದ ಬೆನ್ನತ್ತಿ – 9: ಮ್ಯಾಂಡುಕೇಟ್

ಇಂಗ್ಲಿಷ್‌ನಲ್ಲಿ 'ಮ್ಯಾಂಡುಕೇಟ್' ಅಂತ ಒಂದು ಹಳೇ ಕ್ರಿಯಾಪದ ಇದೆ, ಕೇಳಿದೀರಾ? ಅಗಿಯೋದು, ತಿನ್ನೋದು ಅಂತ ಅರ್ಥ. 17ನೇ ಶತಮಾನದ್ದು. ಈಗ ಯಾರಾದ್ರೂ ಬಳಸಿದ್ರೆ 'ಡಿಕ್ಷನರಿ ನುಂಗಿದಾನೆ' ಅಂತ ನಗ್ತೀವಿ.

ತಮಾಷೆ ಏನಂದ್ರೆ, ಇದರ ಅಜ್ಜಿಗೆ ಇಂಥ ಬಿಗುಮಾನ ಇರಲೇ ಇಲ್ಲ. ಲ್ಯಾಟಿನ್‌ನಲ್ಲಿ ತಿನ್ನೋದಕ್ಕೆ ಶಿಷ್ಟರ ಮಾತು 'ಎಡೆರೆ'. ಅಗಿ ಅನ್ನೋ ಅರ್ಥದ 'ಮಾಂಡೆರೆ'ಯಿಂದ ಹುಟ್ಟಿದ 'ಮಾಂಡುಕಾರೆ' ಬೀದಿ ಮಾತು. ನಾವು 'ಮುಕ್ಕು' ಅಂತೀವಲ್ಲ, ಹೆಚ್ಚುಕಮ್ಮಿ ಹಾಗೆ. ದೊಡ್ಡ ದವಡೆ ಕಟಕಟ ಅನ್ನಿಸೋ 'ಮಾಂಡುಕಸ್' ಅನ್ನೋ ವೇಷವೂ ರೋಮಿನಲ್ಲಿತ್ತು. ಅಷ್ಟೇ ಯಾಕೆ, ಸ್ನಾನದ ಮನೇಲಿ ಎರಡು ತುತ್ತು ತಿಂದೆ ಅಂತ ಪತ್ರ ಬರೆಯುವಾಗ ಚಕ್ರವರ್ತಿ ಆಗಸ್ಟಸ್ ಬಳಸಿದ್ದೂ ಇದೇ ಪದ!

ಹಾಸ್ಟೆಲ್‌ನಲ್ಲಿ ನಾನು 'ಉಂಡ್ಯಾ?' ಅಂದಾಗ ಬಿದ್ದುಬಿದ್ದು ನಕ್ಕವರೇ, ಮುಂದಿಂದು ನಿಮಗೇ ಬರೀತಿರೋದು. ಫ್ರಾನ್ಸ್, ಇಟಲಿಯ ಅಡುಗೆಮನೆಗಳಲ್ಲಿ ಶಿಷ್ಟರ 'ಎಡೆರೆ' ಉಳೀಲಿಲ್ಲ. ಫ್ರೆಂಚರ 'ಮಾಂಜೆ', ಇಟಲಿಯವರ 'ಮಾಂಜಾರೆ' ಎರಡೂ ಆ ಬೀದಿ ಪದದ ಮಕ್ಕಳು. ನಾವು ಬಯಾಲಜಿಯಲ್ಲಿ ಬಾಯಿಪಾಠ ಮಾಡಿದ 'ಮ್ಯಾಂಡಿಬಲ್', ದನದ ಗೋದಲಿಗೆ ಹೇಳೋ 'ಮೇಂಜರ್', ನಾಯಿ ಕಜ್ಜಿ 'ಮೇಂಜ್' ಕೂಡ ಅದೇ ಬಳಗ. ಕಜ್ಜಿ ಯಾಕೆ ಅಂತೀರಾ? ಅದೂ ಮೈ ತಿನ್ನುತ್ತಲ್ಲ!

ಇಂಗ್ಲಿಷ್‌ಗೆ ಮಾತ್ರ 'ಮ್ಯಾಂಡುಕೇಟ್' ಪಂಡಿತರ ಕೈ ಹಿಡ್ಕೊಂಡು, ಲ್ಯಾಟಿನ್‌ನಿಂದ ನೇರವಾಗಿ ಬಂತು. ಅಗಿಯೋಕೆ ಅಲ್ಲಿ 'ಚ್ಯೂ' ಮೊದಲೇ ಇತ್ತು. ಪಾಪ, ಕೋಟು ಹಾಕ್ಕೊಂಡು ಮೂಲೇಲಿ ನಿಂತ್ಕೊಳ್ತು.

ನಿಮ್ಮನೇಲಿ ತಿನ್ನೋದಕ್ಕೆ ಏನೇನಂತಾರೆ? ಕಾಮೆಂಟಲ್ಲಿ ಹಾಕಿ. ಅಜ್ಜಿ ಬೈಯೋವಾಗ ಅನ್ನೋದೂ ನಡೆಯುತ್ತೆ.