ಹಿಂದಿನ ಗಾಜು

ಮುಂದಿನ ಗಾಜನ್ನು ಒರೆಸುವ ವೈಪರು ಕೆಟ್ಟರೆ ಗಾಡಿಯುಳ್ಳವರು ಒಂದು ದಿನವೂ ಸುಮ್ಮನಿರಲಾರರು. ಹಿಂದಿನದು ಕೆಟ್ಟರೆ ವರ್ಷಗಟ್ಟಲೆ ಸುಮ್ಮನಿರುವವರುಂಟು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಮಾರ್ಗದ ಬದಿಯಲ್ಲಿ ಮನೆ ಮಾಡಿಕೊಂಡಿರುವ ನಿವೃತ್ತ ಮೇಷ್ಟರು ಈ ಎರಡನೆಯ ವರ್ಗದವರು. ಅವರ ಗಾಡಿಗೆ 13 ವರ್ಷ. ಹಿಂಬದಿಯೆಲ್ಲ ಒಂದೇ ಬಾಗಿಲಾಗಿ ಮೇಲಕ್ಕೇಳುವ ಜಾತಿಯದು. ಇಂಥ ಗಾಡಿ ಓಡುವಾಗ ಅದರ ಬೆನ್ನಿನಲ್ಲಿ ಗಾಳಿ ಸುಳಿಗೊಂಡು, ಚಕ್ರಗಳು ಎರಚಿದ ಕೆಸರುನೀರನ್ನು ಎತ್ತಿ ಗಾಜಿಗೇ ಬಳಿಯುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ ಹಿಂದಿನ ವೈಪರು ಬರಿಯ ಅಲಂಕಾರವಲ್ಲವೆಂಬುದು ಮೇಷ್ಟರಿಗೆ ತಿಳಿಯದೆ ಇರಲಿಲ್ಲ. ಆದರೂ ಎರಡು ಮಳೆಗಾಲ ಹಾಗೆಯೇ ಕಳೆದವು.

ಮೂರನೆಯ ಮಳೆಗಾಲದ ಒಂದು ಸಂಜೆ ಅವರು ಅಂಗಳದಲ್ಲಿ ಗಾಡಿಯನ್ನು ಹಿಂದಕ್ಕೆ ಬಿಡುತ್ತಿದ್ದರು. ಜಗುಲಿಯಿಂದ ಅವರ ಹೆಂಡತಿ ಚೀರಿದ ಚೀರಿಗೆ ಕಾಲು ತಾನಾಗಿ ಬ್ರೇಕನ್ನು ಒತ್ತಿತು. ಇಳಿದು ನೋಡಿದರೆ, ಗಾಡಿಯಿಂದ ಒಂದು ಮೊಳ ದೂರದಲ್ಲಿ, ಪಕ್ಕದ ಮನೆಯ ಮೂರು ವರ್ಷದ ಹುಡುಗಿ ಕರುವಿನ ಹಗ್ಗ ಹಿಡಿದು ನಿಂತಿದ್ದಳು. ಮಗುವಿಗೆ ಏನೂ ಆಗಿರಲಿಲ್ಲ, ಅದು ನಗುತ್ತಿತ್ತು. ಮೇಷ್ಟರು ಆ ರಾತ್ರಿ ಊಟ ಮಾಡಲಿಲ್ಲ. ಮರುದಿನದಿಂದ ಗಾಡಿಯ ಬೀಗದಕೈ ಮೊಳೆಯಲ್ಲೇ ತೂಗಿತು. ಅವರ ಹೆಂಡತಿ ಆಸ್ಪತ್ರೆಗೆ ಮಳೆಯಲ್ಲಿ ಬಸ್ಸಿಗಾಗಿ ಕಾಯಬೇಕಾಯಿತು.

ಹಿಂದೆ ತೋರಿಸಿದ್ದ ಗ್ಯಾರೇಜಿನವರು ಮೋಟಾರು ಸತ್ತಿದೆ, ಹೊಸದೇ ಆಗಬೇಕೆಂದಿದ್ದರು. ಬೆಂಗಳೂರಿನಿಂದ ಎರಡು ದಿನದ ರಜೆಗೆ ಬಂದ ಮಗ ಗುಂಡಿಯನ್ನು ಒತ್ತಿ ನೋಡಿದ. ವೈಪರು ಅಲುಗಲಿಲ್ಲ, ಒಳಗೆ ಗುಂಯ್ ಎಂಬ ನರಳಿಕೆ ಮಾತ್ರ ಕೇಳಿಸಿತು.

"ಅಪ್ಪಯ್ಯ, ಸತ್ತದ್ದು ನರಳುವುದಿಲ್ಲ. ಬಿಚ್ಚಿ ನೋಡುವ."

1903ರಲ್ಲಿ ಅಮೆರಿಕದ ಮೇರಿ ಆಂಡರ್ಸನ್ ಎಂಬಾಕೆ ಹಕ್ಕುಪತ್ರ ಪಡೆದ ವೈಪರಿನ ಹಿಡಿ ಚಾಲಕನ ಕೈಯಲ್ಲೇ ಇತ್ತು. ಅದರ ದೋಷ ಬಚ್ಚಿಟ್ಟುಕೊಳ್ಳುವಂಥದಲ್ಲ. ಈ ಗಾಡಿಯದಾದರೋ ಎಲ್ಲವೂ ಹಿಂಬಾಗಿಲಿನ ಪ್ಲಾಸ್ಟಿಕ್ಕಿನ ಒಳಹಲಗೆಯ ಮರೆಯಲ್ಲಿ. ಬ್ಯಾಟರಿಯ ತಂತಿ ಕಳಚಿ, ವೈಪರಿನ ತೋಳು ನಿಂತಿದ್ದ ಜಾಗಕ್ಕೆ ಗಾಜಿನ ಮೇಲೆ ಗುರುತು ಮಾಡಿ, ತೋಳನ್ನು ತೆಗೆದರು. ಹಿಡಿಕೆಯ ಕುಳಿಯಲ್ಲಿ ಅಡಗಿದ್ದ ಎರಡು ತಿರುಪು ಸಿಕ್ಕಿದವು. ಉಳಿದುದೆಲ್ಲ ಕಾಣದ ಕ್ಲಿಪ್ಪುಗಳ ಹಿಡಿತ. ಕ್ಲಿಪ್ಪು ಬಿಡಿಸಿಕೊಳ್ಳುವಾಗ ಮಾಡುವ ಸದ್ದಿಗೂ ಮುರಿಯುವಾಗ ಮಾಡುವ ಸದ್ದಿಗೂ ಅಂಥ ಭೇದವಿಲ್ಲ; ಇಂಥ ಹಲಗೆಗಳನ್ನು ಯಾರೂ ಮುಟ್ಟದಿರುವುದಕ್ಕೆ ಅರ್ಧ ಕಾರಣ ಈ ಸದ್ದೇ ಇರಬೇಕು. ಮೊದಲನೆಯ 'ಟಪ್' ಕೇಳಿದೊಡನೆ ಮೇಷ್ಟರು ಕೈ ಹಿಂದಕ್ಕೆಳೆದುಕೊಂಡರು.

"ಮುರಿಯಿತೇನೋ?"

"ಇಲ್ಲ, ಬಿಟ್ಟಿತು. ಕ್ಲಿಪ್ಪಿನ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ. ಮೂಲೆ ಹಿಡಿದು ತಿರುಚಬೇಡಿ."

ಮೂವತ್ತು ವರ್ಷ ಮಕ್ಕಳಿಗೆ ಹೀಗೆ ಮಾಡು, ಹಾಗೆ ಮಾಡಬೇಡ ಎಂದು ಹೇಳಿದವರು ಈಗ ಹೇಳಿಸಿಕೊಂಡು ಮಾಡಿದರು. ಹನ್ನೊಂದು 'ಟಪ್' ಆದಮೇಲೆ ಹಲಗೆ ಕೈಗೆ ಬಂದಿತು. ಒಂದೇ ಒಂದು ನಿಜವಾಗಿ ಮುರಿದಿತ್ತು.

ಮೂರು ಬೋಲ್ಟು ಬಿಚ್ಚಿ ಮೋಟಾರನ್ನು ಹೊರತೆಗೆದರು. ಅದಕ್ಕೆ ಯಾವ ರೋಗವೂ ಇರಲಿಲ್ಲ. ಅದರಿಂದ ಹೊರಟು ಬಾಗಿಲಿನ ಆಚೆ ತೂರುವ ಉಕ್ಕಿನ ಅಚ್ಚು ಮಾತ್ರ ತನ್ನ ಅಲ್ಯೂಮಿನಿಯಂ ಕೊಳವೆಯಲ್ಲಿ ಕಚ್ಚಿಕೊಂಡು, ಸುತ್ತ ಬಿಳಿಯ ಪುಡಿ ಕಟ್ಟಿತ್ತು. ಅಚ್ಚು ಹೊರಬರುವ ರಂಧ್ರದ ರಬ್ಬರು ಬಳೆ ಒಣಗಿ ಸೀಳಿದ್ದರಿಂದ, ಮಳೆಗಾಲಗಳ ನೀರು ಹನಿಹನಿಯಾಗಿ ಅಲ್ಲಿ ಇಳಿದಿತ್ತು. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಮರದ ತುಂಡನ್ನಿಟ್ಟು ಮೆಲ್ಲನೆ ಬಡಿದರು. ಅಚ್ಚು ಹೊರಬಂದಿತು. ಉಜ್ಜಿ, ಗ್ರೀಸು ಸವರಿ, ತೀರ್ಥಹಳ್ಳಿಯಿಂದ ತಂದ ಹೊಸ ಬಳೆ ಕೂರಿಸಿದರು. ಹಲಗೆಯನ್ನು ಮುಚ್ಚುವ ಮೊದಲೇ ತಂತಿಗಳನ್ನು ಜೋಡಿಸಿ ಪರೀಕ್ಷಿಸಿದ್ದು ಮಗನ ಜಾಣತನ. ತೋಳು ಬಲಕ್ಕೊಮ್ಮೆ ಎಡಕ್ಕೊಮ್ಮೆ ತೂಗಿ, ಗುರುತಿನ ಮೇಲೆ ಬಂದು ನಿಂತಿತು. ಮೇಷ್ಟರು ಮತ್ತೊಮ್ಮೆ, ಮಗದೊಮ್ಮೆ ಹಾಕಿಸಿ ನೋಡಿದರು.

ಮಧ್ಯಾಹ್ನ ಮಗನನ್ನು ಬಸ್ಸು ಹತ್ತಿಸಿ ಬರಬೇಕಾಗಿತ್ತು. ಮಳೆ ಸುರಿಯುತ್ತಿತ್ತು. ಮೇಷ್ಟರು ಬೀಗದಕೈಯನ್ನು ಮೊಳೆಯಿಂದ ತೆಗೆದು ಗಾಡಿ ಹತ್ತಿದರು. ವೈಪರು ಹಾಕಿ ಹಿಂದಿನ ಗಾಜಿನಲ್ಲಿ ಅಂಗಳವನ್ನೆಲ್ಲ ನೋಡಿದರು. ಅನಂತರ ಕೊಡೆ ಬಿಚ್ಚಿಕೊಂಡು ಇಳಿದು, ಗಾಡಿಯ ಹಿಂದಕ್ಕೆ ಹೋಗಿ ಬಗ್ಗಿ ನೋಡಿ ಬಂದು, ಮತ್ತೆ ಹತ್ತಿದರು.