ಜಬಲ್ಪುರದ ಗಾಡಿ, ಮಲಪ್ರಭೆಯ ಸೀಮೆ

ಯಾವ ನೆಲದಲ್ಲಿ ನಡೆಯಲೆಂದು ಒಂದು ಯಂತ್ರವನ್ನು ನಿರ್ಮಿಸಿದರೋ ಆ ನೆಲದಲ್ಲಿ ಅದನ್ನು ಮತ್ತೆ ನಡೆಸಿ ನೋಡುವವರೆಗೆ ಅದರ ಜೀರ್ಣೋದ್ಧಾರ ಮುಗಿಯಿತೆಂದು ಹೇಳಲಾಗದೆಂಬುದು ನನ್ನ ದೃಢವಾದ ನಂಬಿಕೆ. ಬಣ್ಣ ಬಳಿದು, ಉಜ್ಜಿ ಹೊಳೆಯಿಸಿ, ಪ್ರದರ್ಶನದ ಚಪ್ಪರದಲ್ಲಿ ಸುತ್ತ ಹಗ್ಗ ಕಟ್ಟಿ ನಿಲ್ಲಿಸಿದ ಸೈನ್ಯದ ಲಾರಿಗಳನ್ನು ನಾನು ಕಂಡಿದ್ದೇನೆ. ಅವುಗಳ ಚೆಲುವಿಗೆ ಮನಸೋತದ್ದೂ ಉಂಟು. ಆದರೆ ಕೆಸರನ್ನೂ ಕಲ್ಲನ್ನೂ ನೀರನ್ನೂ ಎದುರಿಸಲೆಂದೇ ರೂಪುಗೊಂಡ ಒಡಲು ಹೀಗೆ ನಿಶ್ಚಲವಾಗಿ ನಿಂತಿರುವುದನ್ನು ನೋಡಿದಾಗಲೆಲ್ಲ ಅದಕ್ಕೆ ಅನ್ಯಾಯವಾಯಿತೆಂದೇ ಎನಿಸಿದೆ. ಆದುದರಿಂದ ಬಾಗಲಕೋಟೆಯ ನವನಗರದ ಅಂಚಿನ ಒಂದು ತಗಡಿನ ಶೆಡ್ಡಿನಲ್ಲಿ ಬಹುಕಾಲ ಬಿಚ್ಚಿ ಹರವಿದ್ದ ನಮ್ಮ ಒಂದು ಟನ್ನಿನ ನಿಸಾನ್ ಲಾರಿ ಮರಳಿ ಉಸಿರಾಡತೊಡಗಿದೊಡನೆ, ಅದನ್ನು ಬಾದಾಮಿ, ಐಹೊಳೆ, ಹುನಗುಂದಗಳ ಮಾರ್ಗವಾಗಿ ಇಳಕಲ್ಲಿನವರೆಗೆ, ಡಾಂಬರನ್ನು ಆದಷ್ಟೂ ಬಿಟ್ಟು, ಒಯ್ಯಬೇಕೆಂದು ನಿಶ್ಚಯಿಸಿದೆವು.

ನಾವೆಂದರೆ ನಾನು, ಮತ್ತು ಸೈನ್ಯದ ವಾಹನಗಳನ್ನೂ ಆಯುಧಗಳನ್ನೂ ದುರಸ್ತಿಗೊಳಿಸುವ ಇ.ಎಂ.ಇ. ದಳದಲ್ಲಿ ಸೇವೆ ಸಲ್ಲಿಸಿ ನಿವೃತ್ತರಾಗಿ ಊರಿಗೆ ಮರಳಿದ ಒಬ್ಬ ಹವಾಲ್ದಾರರು. ನಾನು ಅವರನ್ನು ಕಾಕಾ ಎನ್ನುತ್ತೇನೆ. ಅವರು ನನ್ನನ್ನು, ಕೆಲಸ ಸಲೀಸಾಗಿ ಸಾಗುತ್ತಿದ್ದರೆ ತಮ್ಮಾ ಎಂದೂ, ನಾನು ತಪ್ಪು ಪಾನಾ ಎತ್ತಿಕೊಟ್ಟರೆ ಸಾಹೇಬ್ರ ಎಂದೂ ಕರೆಯುತ್ತಾರೆ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮ್ಮ ಸೈನ್ಯವು ಎರಡನೆಯ ಮಹಾಯುದ್ಧವು ಬಿಟ್ಟುಹೋದ ಷೆವ್ರೊಲೆ, ಫೋರ್ಡ್, ಡಾಜ್ ಲಾರಿಗಳನ್ನೇ ಬಹುಮಟ್ಟಿಗೆ ಅವಲಂಬಿಸಿತ್ತು. ಕೃಷ್ಣ ಮೆನನ್ನರು ರಕ್ಷಣಾ ಮಂತ್ರಿಗಳಾಗಿದ್ದ ಕಾಲದಲ್ಲಿ, 1959ರಲ್ಲಿ, ಜರ್ಮನಿಯ ಮಾನ್ ಸಂಸ್ಥೆಯ ಪರವಾನಗಿಯಿಂದ ಜಬಲ್ಪುರದ ತೋಪಿನ ಬಂಡಿ ಕಾರ್ಖಾನೆಯಲ್ಲಿ ಶಕ್ತಿಮಾನ್ ಲಾರಿಯು ತಯಾರಾಯಿತು. ಅರವತ್ತರ ದಶಕದಲ್ಲಿ ಜಪಾನಿನ ನಿಸಾನ್ ಸಂಸ್ಥೆಯ ನೆರವಿನಿಂದ ಒಂದು ಟನ್ನಿನ ಈ ಚಿಕ್ಕ ಲಾರಿಯು ಬಂದಿತು. 1969ರಲ್ಲಿ ಅಲ್ಲಿಯೇ ವಾಹನಗಳಿಗೆಂದು ಪ್ರತ್ಯೇಕ ಕಾರ್ಖಾನೆ ಸ್ಥಾಪಿತವಾಗಿ, ಈ ಲಾರಿಯ ಇಂಜಿನನ್ನೇ ಹೊತ್ತ ಜೊಂಗಾ ಎಂಬ ಜೀಪು 1999ರವರೆಗೂ ಹೊರಬೀಳುತ್ತಿತ್ತು. ಸುಮಾರು ನಾಲ್ಕು ಲೀಟರಿನ, ಆರು ಸಿಲಿಂಡರುಗಳ ಪೆಟ್ರೋಲ್ ಇಂಜಿನ್ ಅದು. ಅದರ ದಾಹ ಅಪಾರ; ಆದರೆ ನಿಧಾನವಾದ ವೇಗದಲ್ಲಿ ಅದು ತೋರುವ ಶಾಂತವಾದ, ಅವಿಚ್ಛಿನ್ನವಾದ ಬಲವನ್ನು ಒಮ್ಮೆ ಪಾದದಡಿಯಲ್ಲಿ ಅನುಭವಿಸಿದವನು ಅದನ್ನು ಬೇರೊಂದಕ್ಕೆ ಬದಲಾಯಿಸಲು ಮನಸ್ಸು ಮಾಡಲಾರ.

ನಮ್ಮದು ಎಪ್ಪತ್ತರ ದಶಕದ ಕೊನೆಯ ಗಾಡಿ. ಸೈನ್ಯದ ಹರಾಜಿನಿಂದ ಗುಜರಿಯವರ ಕೈಗೆ, ಅವರಿಂದ ನಮಗೆ ಬಂದಾಗ ಕ್ಯಾಬಿನಿನ ನೆಲ ತುಕ್ಕಿನಿಂದ ಜರಡಿಯಾಗಿತ್ತು. ಸ್ಪ್ರಿಂಗಿನ ಪಾಟಾಗಳು ಬಾಗನ್ನು ಕಳೆದುಕೊಂಡು ಚಪ್ಪಟೆಯಾಗಿದ್ದವು. ಸಿಲಿಂಡರುಗಳ ಒಳಮೈ ಗೀರುಬಿದ್ದಿತ್ತು. ಪಾಟಾಗಳನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ಎಣ್ಣೆಯಲ್ಲಿ ಹದಗೊಳಿಸಿ ಮತ್ತೆ ಬಾಗು ಕೊಡಿಸಿದೆವು. ಸಿಲಿಂಡರುಗಳನ್ನು ಬೋರಿಂಗ್ ಮಾಡಿಸಿ, ಅಳತೆ ಹೆಚ್ಚಿದ ಪಿಸ್ಟನ್ನುಗಳನ್ನು ಹಾಕಿಸಿದೆವು. ಕಾರ್ಬೊರೇಟರಿನ ವಿಷಯದಲ್ಲಿ ಮಾತ್ರ ಕಾಲವು ನಮ್ಮಿಂದ ಹೊಸ ಸುಂಕವನ್ನು ಕೇಳಿತು: ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೂ ಬೆರೆಯುವ ಎಥನಾಲು ಹಳೆಯ ರಬ್ಬರಿನ ನಳಿಕೆಗಳನ್ನೂ ಪಂಪಿನ ಪೊರೆಯನ್ನೂ ಉಬ್ಬಿಸಿ ಹಾಳುಗೆಡಹುವುದರಿಂದ, ಅವೆಲ್ಲವನ್ನೂ ಎಥನಾಲು ತಾಳುವ ಹೊಸ ವಸ್ತುವಿನವಕ್ಕೆ ಬದಲಾಯಿಸಬೇಕಾಯಿತು. ಮುಧೋಳ, ಜಮಖಂಡಿಗಳ ಕಬ್ಬಿನ ಸೀಮೆಯಲ್ಲಿ ವಾಸಿಸುವವರು ಈ ದ್ರವ್ಯವನ್ನು ದೂರುವಂತಿಲ್ಲ. ಅದು ನಮ್ಮ ಹೊಲಗಳಲ್ಲಿಯೇ ಹುಟ್ಟಿದ್ದು.

ಇನ್ನು ಮಾರ್ಪಾಟಿನ ಪ್ರಶ್ನೆ. ಗಾಡಿಯನ್ನು ಗುಡ್ಡಗಾಡಿಗೆ ಸಜ್ಜುಗೊಳಿಸುವುದೆಂದರೆ ಡೀಸೆಲ್ ಇಂಜಿನ್ ಕೂಡಿಸಿ, ಚಾಸಿಯನ್ನು ಕತ್ತರಿಸಿ, ಅಗಲವಾದ ಟೈರುಗಳಿಗಾಗಿ ಮಡ್‌ಗಾರ್ಡನ್ನು ಕೊರೆದು, ಮೂಲದ ಗುರುತೇ ಸಿಗದಂತೆ ಮಾಡುವುದೆಂಬ ಅಭಿಪ್ರಾಯ ಬಹುಜನರಲ್ಲಿ ಬೇರೂರಿದೆ. ಕಾನೂನು ಇದನ್ನು ಒಪ್ಪುವುದಿಲ್ಲ. ತಯಾರಕರು ನಿಗದಿಪಡಿಸಿದ ರಚನೆಯನ್ನು ಮೀರಿ ವಾಹನವನ್ನು ಬದಲಾಯಿಸಬಾರದೆಂದು ಸುಪ್ರೀಂ ಕೋರ್ಟು 2019ರಲ್ಲಿ ತೀರ್ಪಿತ್ತಿತು. 2021ರ ಕೇಂದ್ರ ನಿಯಮಗಳು ಐವತ್ತು ವರ್ಷ ಮೀರಿದ, ಚಾಸಿ ಇಂಜಿನ್ ಒಡಲುಗಳಲ್ಲಿ ಗಣನೀಯ ಬದಲಾವಣೆಯಿಲ್ಲದ ಖಾಸಗಿ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿ, ಅವನ್ನು ನಿತ್ಯದ ಓಡಾಟಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸುವಂತಿಲ್ಲವೆಂದು ಕಟ್ಟುಮಾಡಿದವು. ನಮ್ಮ ಗಾಡಿಗೆ ಇನ್ನೂ ಐವತ್ತು ತುಂಬಿಲ್ಲವಾಗಿ ಅದು ಸಾಮಾನ್ಯ ನೋಂದಣಿಯಲ್ಲಿಯೇ ಇದೆ. ಆದರೆ ಕಾನೂನಿನ ಭಯಕ್ಕಿಂತ ಮಿಗಿಲಾಗಿ ನಮ್ಮನ್ನು ನಡೆಸಿದ್ದು ಹವಾಲ್ದಾರರು ಮೊದಲ ದಿನವೇ ಹಾಕಿಕೊಟ್ಟ ನಿಯಮ: “ಪಾನಾದಿಂದ ಹಚ್ಚಿದ್ದನ್ನ ಪಾನಾದಿಂದನ ತಗೀಲಿಕ್ಕೆ ಬರಬೇಕು, ತಮ್ಮಾ. ಕಟರ್ ಮುಟ್ಟಿಸಿದಿ ಅಂದ್ರ ನಾ ಈ ಕೆಲಸಕ್ಕ ಇಲ್ಲ.”

ಈ ನಿಯಮದೊಳಗೆ ಮಾಡಬಹುದಾದದ್ದು ಎಷ್ಟೊಂದು ಇದೆಯೆಂಬುದನ್ನು ನಾನು ಕ್ರಮೇಣ ಅರಿತೆನು. ಕಾದ ಆಕ್ಸಲ್ ತಣ್ಣೀರಿನಲ್ಲಿ ಮುಳುಗಿದಾಗ ಅದರೊಳಗಿನ ಗಾಳಿ ಕುಗ್ಗಿ, ಸೀಲುಗಳ ಸಂದಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಎಣ್ಣೆ ನೀರಾಗಿ ಹಲ್ಲುಗಾಲಿಗಳು ಸವೆಯುತ್ತವೆ. ಆದುದರಿಂದ ಹೌಸಿಂಗಿನ ಮೇಲಿನ ಉಸಿರುಗಂಡಿಗೆ ಒಂದು ರಬ್ಬರ್ ನಳಿಕೆಯನ್ನು ಸಿಕ್ಕಿಸಿ ಕ್ಯಾಬಿನಿನ ಎತ್ತರಕ್ಕೆ ಒಯ್ದು ಕಟ್ಟಿದೆವು. ಪೆಟ್ರೋಲ್ ಇಂಜಿನಿನ ಮರ್ಮಸ್ಥಾನವೆಂದರೆ ಕಿಡಿಯನ್ನು ಹಂಚುವ ಡಿಸ್ಟ್ರಿಬ್ಯೂಟರ್. ಒಂದು ಹನಿ ನೀರು ಅಲ್ಲಿ ಸೇರಿದರೆ ಸಾಕು, ಅಷ್ಟು ದೊಡ್ಡ ಯಂತ್ರ ಮೂಕವಾಗುವುದು. ಅದಕ್ಕೆ ರಬ್ಬರಿನ ಹೊದಿಕೆ ತೊಡಿಸಿ, ತಂತಿಗಳ ಬುಡಕ್ಕೆ ಗ್ರೀಸ್ ತುಂಬಿದೆವು. ಗಾಳಿ ಸೇದುವ ಕೊಳವೆಯನ್ನು ಮೇಲಕ್ಕೆತ್ತಿದೆವು. ಮುಂದೆ ಒಂದು ವಿಂಚು, ಹಿಂದೆ ಎಳೆಯುವ ಕೊಂಡಿ. ಎರಡೂ ಮೂಲ ಬೋಲ್ಟುಗಳ ರಂಧ್ರಗಳಲ್ಲಿಯೇ ಕುಳಿತವು.

ಮಳೆಗಾಲ ಮುಗಿದು ಬಿಳಿಜೋಳ ಮೊಳಕಾಲೆತ್ತರಕ್ಕೆ ಬಂದಿದ್ದ ದಿನಗಳಲ್ಲಿ ಹೊರಟೆವು. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳನ್ನು ಆವರಿಸಿರುವುದನ್ನು ಬಲ್ಲವರಿಗೆ ಆ ಊರನ್ನು ಬಿಡುವಾಗ ಒಂದು ವಿಷಾದ ಸಹಜ. ಗುಳೇದಗುಡ್ಡದ ಬೆಟ್ಟಗಳು ಕಂಡಂತೆ ಅದು ಕರಗುವುದೂ ಸಹಜ. ಗುಳೇದಗುಡ್ಡವನ್ನು ದಾಟಿ, ಡಾಂಬರನ್ನು ಬಿಟ್ಟು ಮಡ್ಡಿಯ ಬಂಡಿಜಾಡಿಗೆ ಇಳಿದಾಗ ಹವಾಲ್ದಾರರು ಮುಂದಿನ ಆಕ್ಸಲನ್ನು ಕೂಡಿಸಿದರು. ಈ ಗಾಡಿಯಲ್ಲಿ ಮುಂದಿನ ಹಿಂದಿನ ಗಾಲಿಗಳ ನಡುವೆ ವೇಗದ ಭೇದವನ್ನು ನುಂಗುವ ಡಿಫರೆನ್ಷಿಯಲ್ ಇಲ್ಲ. ಆದುದರಿಂದ ಗಟ್ಟಿಯಾದ ರಸ್ತೆಯಲ್ಲಿ ನಾಲ್ಕೂ ಗಾಲಿಗಳಿಗೆ ಬಲವೂಡಿ ತಿರುಗಿಸಿದರೆ ಶಾಫ್ಟುಗಳು ಪರಸ್ಪರ ಸೆಣಸುತ್ತವೆ. ಸಡಿಲ ನೆಲದಲ್ಲಿ ಗಾಲಿ ಅಷ್ಟಿಷ್ಟು ಜಾರಿ ಆ ಒತ್ತಡವನ್ನು ಕಳೆಯುತ್ತದೆ. ಡಾಂಬರಿನ ಮೇಲೆ ಎರಡು, ಮಣ್ಣಿನ ಮೇಲೆ ನಾಲ್ಕು: ಇಷ್ಟನ್ನು ತಿಳಿಯದೆ ಎಷ್ಟೋ ಒಳ್ಳೆಯ ಟ್ರಾನ್ಸ್‌ಫರ್ ಕೇಸುಗಳು ಗುಜರಿಯ ಪಾಲಾಗಿವೆ.

ಬಾದಾಮಿಯಲ್ಲಿ ಗಾಡಿಯನ್ನು ಊರ ಹೊರಗೆ ನಿಲ್ಲಿಸಿ ನಡೆದುಹೋದೆವು. ಸಂರಕ್ಷಿತ ಬೆಟ್ಟದ ಬುಡಕ್ಕೆ ಇಂತಹ ಗಾಲಿಗಳನ್ನು ಒಯ್ಯುವುದು ಶಕ್ಯವಾದರೂ ಯುಕ್ತವಲ್ಲ. 543ರಲ್ಲಿ ಮೊದಲನೆಯ ಪುಲಕೇಶಿ ಕೋಟೆ ಕಟ್ಟಿಸಿದ್ದನ್ನು ಸಾರುವ ಬಂಡೆಯನ್ನೂ, 578ರಲ್ಲಿ ಮಂಗಳೇಶ ಕಡೆಯಿಸಿದ ಮೂರನೆಯ ಗುಹೆಯನ್ನೂ ಕುರಿತು ನಾನಿಲ್ಲಿ ಬರೆಯಹೊರಡುವುದಿಲ್ಲ, ಬಲ್ಲವರು ಬರೆದಿದ್ದಾರೆ. ಬನಶಂಕರಿಯಲ್ಲಿ ಬುಟ್ಟಿ ಹೊತ್ತ ತಾಯಂದಿರಿಂದ ರೊಟ್ಟಿ, ಶೇಂಗಾ ಚಟ್ನಿ, ಗಡಿಗೆಯ ಗಟ್ಟಿ ಮೊಸರು ಕೊಂಡು ಉಂಡು, ಶಿವಯೋಗಮಂದಿರದ ಮೇಲೆ ಪಟ್ಟದಕಲ್ಲಿಗೆ ಬಂದೆವು. ಅಲ್ಲಿ ನನ್ನ ಕಣ್ಣು ಶಿಲ್ಪಕ್ಕಿಂತ ಹೆಚ್ಚಾಗಿ ದುರಸ್ತಿಯನ್ನು ಅರಸಿತು. ಶಿಥಿಲವಾದ ಕಡೆ ಕೂಡಿಸಿದ ಹೊಸ ಕಲ್ಲು ಭಾರವನ್ನು ಹೊರುತ್ತದೆ, ಗೋಡೆಯ ರೇಖೆಯನ್ನು ಪೂರ್ಣಗೊಳಿಸುತ್ತದೆ. ಆದರೆ ಹಳೆಯ ಕೆತ್ತನೆಯನ್ನು ಅನುಕರಿಸಿ ತಾನೂ ಎಂಟನೆಯ ಶತಮಾನದ್ದೆಂದು ಹೇಳಿಕೊಳ್ಳುವುದಿಲ್ಲ. ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದ ಜಾನ್ ಮಾರ್ಷಲ್ಲರು 1923ರ ತಮ್ಮ ಸಂರಕ್ಷಣಾ ಕೈಪಿಡಿಯಲ್ಲಿ ಹೊಸದು ಮಾಡುವುದಕ್ಕಿಂತ ಇರುವುದನ್ನು ಉಳಿಸುವುದೇ ಮುಖ್ಯವೆಂಬ ನಿಲುವನ್ನು ತಳೆದರು. ನಮ್ಮ ಕ್ಯಾಬಿನಿನ ನೆಲದಲ್ಲಿ ತೇಪೆ ಹಾಕಿದ ಹೊಸ ತಗಡುಗಳ ಅಂಚನ್ನು ಪುಟ್ಟಿಯಿಂದ ಮುಚ್ಚದೆ, ವೆಲ್ಡಿಂಗಿನ ಗೆರೆ ಕಾಣುವಂತೆಯೇ ಬಿಡಿಸಿದ ಹವಾಲ್ದಾರರು ಮಾರ್ಷಲ್ಲರ ಹೆಸರನ್ನು ಕೇಳಿದವರಲ್ಲ. “ಮುಂದ ಯಾರರ ಬಿಚ್ಚತಾರ, ಅವರಿಗೆ ಎಲ್ಲಿ ಹಳೇದು ಎಲ್ಲಿ ಹೊಸದು ತಿಳೀಬೇಕಲ್ಲ” ಎಂದಷ್ಟೇ ಅವರ ವಾದ.

ಐಹೊಳೆಯ ಆಚೆ ಎರೆಯ ಹೊಲಗಳು ತೊಡಗುತ್ತವೆ. ಮೇಲೆ ಒಣಗಿ ಬಿರಿದಂತೆ ತೋರುವ ಈ ಕಪ್ಪು ನೆಲ ಗೇಣುದ್ದದ ಕೆಳಗೆ ಇನ್ನೂ ಹಸಿ. ತುಳಿದೊಡನೆ ಟೈರಿನ ಹಲ್ಲುಗಳ ಸಂದುಗಳನ್ನು ತುಂಬಿ, ಮಡ್‌ಗಾರ್ಡಿನೊಳಗೆ ಮೆತ್ತಿ, ಗಾಲಿಯನ್ನು ತಿರುಗಗೊಡದಂತೆ ಬಿಗಿಯುತ್ತದೆ. ಅಗಲವಾದ ಟೈರುಗಳನ್ನು ಬೇಡವೆಂದು ಹವಾಲ್ದಾರರು ಪಟ್ಟು ಹಿಡಿದದ್ದು ಏಕೆಂಬುದು ಅಲ್ಲಿ ಸ್ಪಷ್ಟವಾಯಿತು. ಸೈನ್ಯದ ಇಕ್ಕಟ್ಟಾದ, ದಪ್ಪ ಪಟ್ಟಿಯ ಟೈರು ಮೇಲ್ಮಣ್ಣನ್ನು ಸೀಳಿ ಕೆಳಗಿನ ಗಟ್ಟಿಯನ್ನು ಹುಡುಕುತ್ತದೆ. ಪಟ್ಟಿಗಳ ನಡುವೆ ಬಿಟ್ಟ ಅಗಲವಾದ ಬಯಲಿನಿಂದ ಮಣ್ಣು ತಾನಾಗಿ ಸಿಡಿದುಹೋಗುತ್ತದೆ. ಮಲಪ್ರಭೆಗೆ ಸೇರುವ ಒಂದು ಹಳ್ಳ ಅಡ್ಡವಾಯಿತು. ಹವಾಲ್ದಾರರು ಕೋಲು ಹಿಡಿದು ಮೊದಲು ತಾವೇ ನಡೆದು ಆಳ ನೋಡಿದರು. ಫ್ಯಾನಿನ ಬೆಲ್ಟನ್ನು ಕಳಚಿದರು, ಏಕೆಂದರೆ ತಿರುಗುವ ಫ್ಯಾನು ನೀರನ್ನೆತ್ತಿ ಇಂಜಿನಿನ ಮೇಲೆಲ್ಲ ಎರಚುತ್ತದೆ. ಆಮೇಲೆ ತಗ್ಗಿನ ಗೇರಿನಲ್ಲಿ, ಮುಂದೆ ಒಂದು ಚಿಕ್ಕ ಅಲೆಯನ್ನು ತಳ್ಳುತ್ತ, ವೇಗವನ್ನು ಏರಿಸದೆ ಇಳಿಸದೆ ಆಚೆಗೆ ಸೇರಿಸಿದರು. ದಡ ಹತ್ತಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಸ್ವಲ್ಪ ದೂರ ನಡೆಸಿ ಡ್ರಮ್ಮುಗಳನ್ನು ಒಣಗಿಸಿದರು.

ಅಲ್ಲಿ ಹೊಲದಲ್ಲಿದ್ದ ಹಿರಿಯರೊಬ್ಬರು ಗಾಡಿಯನ್ನು ಸುತ್ತಿ ನೋಡಿ, ಹೊಳೆ ಬಂದ ವರ್ಷವನ್ನು ನೆನೆದರು. 2009ರಲ್ಲಿಯೂ 2019ರಲ್ಲಿಯೂ ಮಲಪ್ರಭೆ ಉಕ್ಕಿ ಈ ದಂಡೆಯ ಊರುಗಳನ್ನು ಮುಳುಗಿಸಿದ್ದಳು. ಎರಡನೆಯ ಸಲ ಜಿಲ್ಲೆಗೆ ಸೈನ್ಯದ ತುಕಡಿಗಳು ಬಂದಿದ್ದವು. “ಇಂಥಾದ್ದೊಂದು ಊರಾಗ ಇದ್ದಿದ್ರ ದನಾ ಕರಾ ಉಳೀತಿದ್ವರಿ” ಎಂದರು ಅವರು. ಸೈನ್ಯವು ಬೇಡವೆಂದು ಹರಾಜು ಹಾಕುವ ಗಾಡಿಗಳಲ್ಲಿ ಕೆಲವನ್ನಾದರೂ ನದೀತೀರದ ಪಂಚಾಯತಿಗಳು ಉಳಿಸಿಕೊಂಡು, ನಡೆಸಬಲ್ಲ ನಿವೃತ್ತ ಸೈನಿಕರ ವಶಕ್ಕೆ ಕೊಡಬಾರದೇಕೆ? ಈ ಪ್ರಶ್ನೆಯನ್ನು ನಾನು ಕುತೂಹಲಕ್ಕಾಗಿ ಕೇಳುತ್ತಿಲ್ಲ. ಕೊಳೆಯುವ ಆ ಕಬ್ಬಿಣದಲ್ಲಿ ಇನ್ನೂ ಎಷ್ಟು ಸೇವೆ ಅಡಗಿದೆಯೆಂಬುದನ್ನು ಕೈಯಾರೆ ಬಿಚ್ಚಿ ಕಂಡವನಾಗಿ ಕೇಳುತ್ತಿದ್ದೇನೆ.

ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು, ಹುನಗುಂದದಲ್ಲಿ ಪೆಟ್ರೋಲು ತುಂಬಿಸಿ, ಸಂಜೆಗೆ ಇಳಕಲ್ಲನ್ನು ಸೇರಿದೆವು. ಮರುದಿನ ಬೆಳಿಗ್ಗೆ ಒಬ್ಬ ನೇಕಾರರ ಮನೆಯ ಕುಣಿಮಗ್ಗದ ಬಳಿ ಕುಳಿತು, ಸೀರೆಯ ಒಡಲಿನ ಹಾಸಿಗೆ ಸೆರಗಿನ ರೇಷ್ಮೆಯ ಹಾಸನ್ನು ಎಳೆ ಎಳೆಯಾಗಿ ಕುಣಿಕೆಗೆ ಕುಣಿಕೆ ತೊಡಿಸಿ ಕೊಂಡಿ ಹಾಕುವುದನ್ನು ನೋಡಿದೆವು. ಎರಡೂ ತಮ್ಮ ತಮ್ಮ ಗುಣದಲ್ಲಿಯೇ ಉಳಿದು ಒಂದೇ ಬಟ್ಟೆಯಾಗುವ ಆ ಕೌಶಲವನ್ನು ಹವಾಲ್ದಾರರು ಬಹಳ ಹೊತ್ತು ಬಾಗಿ ದಿಟ್ಟಿಸಿ, ಒಳ್ಳೆಯ ಕಪ್ಲಿಂಗ್ ಹೀಗೆಯೇ ಇರಬೇಕೆಂದರು.

ಊರ ಹೊರಗೆ ಕೆಂಪು ಗ್ರಾನೈಟಿನ ಗಣಿಗಳಿವೆ. ಅನುಮತಿ ಪಡೆದು, ಕೆಲಸ ನಿಂತ ಒಂದು ಗಣಿಯ ಏರುದಾರಿಯಲ್ಲಿ ಗಾಡಿಯನ್ನು ಕೊನೆಯ ಪರೀಕ್ಷೆಗೆ ಒಡ್ಡಿದೆವು. ಅರ್ಧ ಏರಿದಾಗ ಮುಂದಿನ ಎಡಗಾಲಿಯೂ ಹಿಂದಿನ ಬಲಗಾಲಿಯೂ ಏಕಕಾಲದಲ್ಲಿ ನೆಲ ಬಿಟ್ಟವು. ಆಯಾ ಆಕ್ಸಲಿನೊಳಗಿನ ಡಿಫರೆನ್ಷಿಯಲ್ಲು ಬಲವನ್ನೆಲ್ಲ ಹಗುರಾದ ಕಡೆಗೇ ಹರಿಯಬಿಡುವುದರಿಂದ, ತೇಲುವ ಗಾಲಿಗಳು ವೃಥಾ ತಿರುಗುತ್ತ, ನೆಲದ ಮೇಲಿನವು ಸುಮ್ಮನೆ ನಿಂತವು. ಗಣಿಯ ಕೆಲಸಗಾರರು ನಗುತ್ತ ಬಂದು ತೇಲಿದ ಗಾಲಿಗಳಡಿ ಕಲ್ಲುಚಕ್ಕೆ ಪೇರಿಸಿದರು. ಗಾಡಿ ಒಂದೇ ಉಸಿರಿಗೆ ಮೇಲೇರಿತು. ಅಲ್ಲಿನ ಮೇಸ್ತ್ರಿ, ಹಿಂದಿನ ಡಿಫರೆನ್ಷಿಯಲ್ಲನ್ನು ವೆಲ್ಡ್ ಮಾಡಿಬಿಟ್ಟರೆ ಈ ತೊಂದರೆ ಇರದೆಂದೂ, ಜೊತೆಗೆ ಒಂದು ಡೀಸೆಲ್ ಇಂಜಿನ್ ಕೂಡಿಸಿದರೆ ಗಾಡಿಯನ್ನು ತಾನೇ ಕೊಳ್ಳುವೆನೆಂದೂ ಹೇಳಿದನು.

“ವೆಲ್ಡ್ ಮಾಡಿದ್ರ ಇಲ್ಲಿ ಏರತದ, ಹುನಗುಂದದ ತಿರುವಿನ್ಯಾಗ ಶಾಫ್ಟ್ ಮುರೀತದ” ಎಂದರು ಹವಾಲ್ದಾರರು. “ಮತ್ತ ಇಂಜಿನ್ ಮಾತು, ಅದು ಬಿಡ್ರಿ.” ಆದರೂ ಬೇಕಾದಾಗ ಮಾತ್ರ ಎರಡು ಗಾಲಿಗಳನ್ನು ಬಿಗಿದು, ಬೇಡವಾದಾಗ ಬಿಡುವಂತಹ ಲಾಕ್ ಒಂದನ್ನು ಹೌಸಿಂಗನ್ನು ಕೊಯ್ಯದೆ ಒಳಗೆ ಕೂಡಿಸಬಹುದೋ ಎಂಬ ಚರ್ಚೆ ಅಲ್ಲಿಂದಲೇ ತೊಡಗಿತು. ಅವರು ಕೆಳಗೆ ಮಲಗಿ ಹೌಸಿಂಗಿನ ಅಳತೆಗಳನ್ನು ಕೂಗಿ ಹೇಳಿದರು, ನಾನು ಬರೆದುಕೊಂಡೆನು. ಊರಿಗೆ ಮರಳಿದೊಡನೆ ಲೇತಿನವರಿಗೆ ಆ ಚೀಟಿಯನ್ನು ತೋರಿಸುವುದೆಂದು ತೀರ್ಮಾನವಾಯಿತು.